ಎದುರುಮನೆಯ ಕಟ್ಟೆ ಮತ್ತು ನಮ್ಮ ಬಾಣಂತಿ

ಕಲಬುರಗಿಯ ಓಣಿಗಳಲ್ಲಿ ಮನುಷ್ಯರಂತೆ ಮಳೆನೀರಿಗೂ ತನ್ನದೊಂದು ದಾರಿಯಿದ್ದ ಕಾಲವದು. ಸೂಪರ್ ಮಾರ್ಕೆಟ್ ಹಿಂದಿನ ನಮ್ಮ ಓಣಿಯಲ್ಲಿ ನೀರು ಚರಂಡಿ ಹಿಡಿದು ಹಳ್ಳಕ್ಕೆ ಇಳಿಯುತ್ತಿತ್ತು. ನಾವು ಹುಡುಗಿಯರು ಜೋಳದ ದಂಟಿನ ಬೆಂಡಿನಿಂದ ದೋಣಿ ಮಾಡಿ ತೇಲಿಬಿಟ್ಟು, ಓಣಿಯ ಕೊನೆಗೆ ಓಡಿ ಹಿಡಿಯುತ್ತಿದ್ದೆವು.

ಆ ವರ್ಷ ಎದುರುಮನೆಯ ಬಟ್ಟೆ ವ್ಯಾಪಾರಿ ಶಾಂತಪ್ಪ ಹೊಸ ಮನೆ ಕಟ್ಟಿಸಿ, ಚರಂಡಿಯನ್ನು ಕಲ್ಲುಮಣ್ಣಿನಿಂದ ಮುಚ್ಚಿ, ಅದರ ಮೇಲೆ ಫರಸಿಗಲ್ಲಿನ ಕಟ್ಟೆ ಹಾಕಿಸಿದ. ನನ್ನ ಅಜ್ಜಿ, ಓಣಿಗೆಲ್ಲ ಆಯಿ, ನೀರಿಗೆ ದಾರಿ ಬಿಡೆಂದು ಕೇಳಿದಾಗ ಅವನು ಎಲೆಯಡಿಕೆ ಜಗಿಯುತ್ತಲೇ ಹೇಳಿದ: “ನಿಮ್ಮನಿ ತಗ್ಗಿನ್ಯಾಗ ಅದ ಅಂದ್ರ ನಾ ಏನ್ ಮಾಡ್ಲಿ ರೀ, ಆಯಿ?” ಆಮೇಲೆ ಉಗುಳಿದ್ದು ನಮ್ಮ ಬಾಗಿಲ ಕಡೆಗೆ. ಅದನ್ನೂ ನಾನು ಮರೆತಿಲ್ಲ.

ಶ್ರಾವಣದ ಒಂದು ಮಧ್ಯಾಹ್ನ ದೊಡ್ಡ ಮಳೆ ಸುರಿಯಿತು. ನಾವು ಬಿಟ್ಟ ದೋಣಿಗಳು ಆ ಕಟ್ಟೆಗೆ ಬಡಿದು ನಮ್ಮತ್ತಲೇ ತಿರುಗಿ ಬಂದವು. ನಾವು ಚಪ್ಪಾಳೆ ತಟ್ಟುವಷ್ಟರಲ್ಲಿ ನೀರು ಹೊಸ್ತಿಲು ದಾಟಿತ್ತು. ಒಳಕೋಣೆಯಲ್ಲಿದ್ದವಳು ಕಮಲಾಪುರಕ್ಕೆ ಕೊಟ್ಟಿದ್ದ ನನ್ನ ಸೋದರತ್ತೆ, ಹಸಿ ಬಾಣಂತಿ. ಅವಳ ಕಾವಿಗೆಂದು ಅಜವಾನದ ಹೊಗೆಯಾಡುತ್ತಿದ್ದ ಕೆಂಡ ಚುಂಯ್ಯೆಂದು ಆರಿತು. ನೀರು ಅವಳು ಮಲಗಿದ್ದ ಹೊರಸಿನ ಕಾಲು ಏರತೊಡಗಿತು.

ಎದುರಿನಿಂದ ಶಾಂತಪ್ಪನ ಹೆಂಡತಿ ನಾಗಮ್ಮ ಕೂಗಿದಳು: “ಆಯೀ, ಬಾಣಂತಿಗಿ ಇಲ್ಲಿ ಕರ್ಕೊಂಡ್ ಬರ್ರಿ! ಕೂಸಿಗಿ ಥಂಡಿ ಹತ್ತತದ!”

“ಆ ಮನ್ಯಾಗ ನಾ ಕಾಲಿಡಂಗಿಲ್ಲ,” ಎಂದಳು ಆಯಿ.

“ನೀ ಇಡಬ್ಯಾಡ ಯವ್ವಾ, ನಾ ಇಡ್ತೀನಿ. ನಿನ್ನ ಸಿಟ್ಟು ಕೂಸಿಗಿ ಬೆಚ್ಚಗ ಇಡ್ತದೇನು?” ಎಂದು ಅತ್ತೆ ಎದ್ದೇಬಿಟ್ಟಳು. ಅವ್ವ ಕೂಸನ್ನೆತ್ತಿಕೊಂಡಳು, ನಾನು ಎಣ್ಣೆ-ಅಜವಾನದ ಗಂಟು ಹೊತ್ತೆ.

ಸಂಜೆ ಶಾಂತಪ್ಪ ಅಂಗಡಿಯಿಂದ ಬಂದಾಗ ಹೊಸ ಸುಣ್ಣದ ಗೋಡೆಗಳು ಬಾಣಂತಿಯ ಹೊಗೆಯಲ್ಲಿ ಮುಳುಗಿದ್ದವು. ಸೀರೆ ಎತ್ತಿ ಕಟ್ಟಿ ನಮ್ಮ ಹೊಸ್ತಿಲಲ್ಲೇ ನಿಂತಿದ್ದ ಆಯಿ ಅಲ್ಲಿಂದ ಕೂಗಿದಳು: “ಶಾಂತಪ್ಪಾ, ನನ್ನ ಮಗಳು ಬಾಣಂತನದ ಐದು ತಿಂಗಳು ಅಲ್ಲೇ ಇರ್ತಾಳಪ್ಪ. ನಮ್ಮನಿ ತಗ್ಗಿನ್ಯಾಗ ಅದ ನೋಡು!”

ಓಣಿಯೆಲ್ಲ ನಕ್ಕಿತು. ಕೊನೆಗೆ ಅವನೂ ನಕ್ಕ. ಕತ್ತಲಾಗುವ ಮುನ್ನ ತಾನೇ ಹಾರೆ ಹಿಡಿದು ಕಟ್ಟೆಯ ಕಲ್ಲು ಕಿತ್ತು, ಮಣ್ಣು ತೋಡಿದ. ನೀರು ಗುಡುಗುಡು ಎನ್ನುತ್ತ ಹಳ್ಳದತ್ತ ಓಡಿತು. ನಮ್ಮ ಕೋಣೆ ಒಣಗುವವರೆಗೆ ನಾಗಮ್ಮ ಅತ್ತೆಗೆ ಅಂಟಿನುಂಡೆ ಕಟ್ಟಿಕೊಟ್ಟಳು; ತುಪ್ಪ ಸೋರುವ ಒಂದು ನನಗೂ ಸಿಗುತ್ತಿತ್ತು. ಮುಂದೆ ಕಮಲಾಪುರದಿಂದ ಕೆಂಪು ಬಾಳೆ ಬಂದಾಗ ದೊಡ್ಡ ಗೊನೆ ನಾಗಮ್ಮನಿಗೆ, ಸಣ್ಣದು ನಮಗೆ. ಈ ಅನ್ಯಾಯವನ್ನು ಅತ್ತೆ ಇರುವವರೆಗೂ ನಾನು ಆಕೆಗೆ ನೆನಪಿಸುತ್ತಿದ್ದೆ.

ಕಳೆದ ಮಳೆಗಾಲದಲ್ಲಿ ನಮ್ಮ ಅದೇ ಮನೆಗೆ ಮತ್ತೆ ನೀರು ನುಗ್ಗಿತು. ಹಳ್ಳದ ಮೇಲೆ ಬಡಾವಣೆ ಎದ್ದಿದೆ, ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ನಮ್ಮ ಹೊಸ್ತಿಲಿಗಿಂತ ಮೇಲೇರಿದೆ, ಚರಂಡಿ ಎಷ್ಟು ಮಂದಿಯ ಮೆಟ್ಟಿಲುಗಳ ಕೆಳಗಿದೆಯೋ ತಿಳಿಯದು. ಮೊಣಕಾಲುಮಟ್ಟದ ನೀರಿನಲ್ಲಿ ನಾನು ಓಣಿ ಪೂರ್ತಿ ನಡೆದೆ, ಜಗಳಕ್ಕೆ ಸಿದ್ಧಳಾಗಿಯೇ. ಶಾಂತಪ್ಪನ ಮನೆಯಿದ್ದಲ್ಲೂ ಈಗ ಗುರುತಿಲ್ಲದವರ ಗೇಟು; ಗೇಟುಗಳೆಲ್ಲ ಮುಚ್ಚಿದ್ದವು. ಒಂದರ ಹಿಂದಿನಿಂದ ಕಾವಲುಗಾರ ಇಣುಕಿ, “ಯಾರು ಬೇಕಾಗಿತ್ರೀ, ಅಮ್ಮಾ?” ಎಂದು ಕೇಳಿದ.

ಬೈಗುಳಗಳೆಲ್ಲ ನಾಲಿಗೆಯ ತುದಿಯಲ್ಲಿದ್ದವು. ಹೇಳಲು ಒಂದು ಹೆಸರಿರಲಿಲ್ಲ.