ತಾತ ನೆಡಿಸಿದ ಹೊಯ್ಸಳರ ಕಲ್ಲು

ನಾನು ಮುನಿಸಿಪಾಲ್ಟಿ ಗುಮಾಸ್ತನಾಗಿದ್ದ ಊರಿನ ಹೆಸರು ಹೇಳುವುದಿಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕರಲ್ಲಿ ಒಂದು ಎಂದಿಟ್ಟುಕೊಳ್ಳಿ. ಯಾವುದೆಂದು ಹೇಳಿದರೆ ಆ ಊರಿನವರು ಜಗಳಕ್ಕೆ ಬರುತ್ತಾರೆ. ಹೇಳದಿದ್ದರೆ ಪ್ರತಿ ಊರಿನವರೂ ಉಳಿದ ಮೂರನ್ನು ನೋಡಿ ನಗಬಹುದು. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು.

ಊರು ಶುರುವಾಗುವ ತಿರುವಿನಲ್ಲಿ ಒಂದು ಬಯಲಿತ್ತು. ಹಳ್ಳಿಯವರು ಅಲ್ಲಿ ಗಾಡಿ ಬಿಡುತ್ತಿದ್ದರು, ಎತ್ತುಗಳಿಗೆ ಹುಲ್ಲು ಹಾಕಿ ತಾವು ಬುತ್ತಿ ಬಿಚ್ಚುತ್ತಿದ್ದರು. ಬಯಲಿನ ಅಂಚಿನಲ್ಲಿ ಒಂದು ಹೊರೆಗಲ್ಲು. ನೆಟ್ಟಗೆ ನಿಲ್ಲಿಸಿದ ಎರಡು ಕಂಬ, ಮೇಲೆ ಅಡ್ಡಲಾಗಿ ಒಂದು ಚಪ್ಪಡಿ, ಎತ್ತರ ಹೆಂಗಸರ ತಲೆಮಟ್ಟಕ್ಕೆ. ತುಂಬಿದ ಬಿದಿರು ಮಂಕರಿಯನ್ನು ತಲೆಯಿಂದ ಒಬ್ಬರೇ ಇಳಿಸಲಾಗದು, ಇಳಿಸಿದರೂ ಮತ್ತೆ ಒಬ್ಬರೇ ಎತ್ತಿಕೊಳ್ಳಲಾಗದು. ಈ ಕಲ್ಲಿದ್ದರೆ ಯಾರ ಹಂಗೂ ಬೇಡ. ಹೊರೆಯನ್ನು ಚಪ್ಪಡಿಯ ಮೇಲಕ್ಕೆ ಜಾರಿಸಿ, ಸುಧಾರಿಸಿಕೊಂಡು, ಮತ್ತೆ ತಲೆಗೆ ಎಳೆದುಕೊಂಡರಾಯಿತು.

ಅದನ್ನು ನೆಡಿಸಿದವನು ನಮ್ಮ ತಾತ. ಅಜ್ಜಿ ಒಮ್ಮೆ ಆ ತಿರುವಿನಲ್ಲೇ ಹೊರೆ ಸಮೇತ ಕುಸಿದು ಬಿದ್ದಳಂತೆ. ಮಾರನೆಯ ವಾರ ತಾತ ಎರಡು ಜೊತೆ ಎತ್ತು ಕಟ್ಟಿ ಕಲ್ಲು ಎಳೆಸಿಕೊಂಡು ಬಂದ. ಅವ್ವ ದಿನವೂ ಬೆಳಿಗ್ಗೆ ನಮ್ಮ ಹಳ್ಳಿಯಿಂದ ನಾಲ್ಕು ಮೈಲಿ ತರಕಾರಿ ಮಂಕರಿ ಹೊತ್ತು ಬಂದು ಅದರ ಮೇಲೇ ಇಳಿಸುತ್ತಿದ್ದಳು. ನನ್ನ ಇಂಗ್ಲಿಷ್ ಓದು ನಡೆದದ್ದು ಆ ಮಂಕರಿಯಿಂದ.

ಪಕ್ಕದ ತಾಲೂಕಿನವರು ಪಾರ್ಕು ಮಾಡಿದ್ದಾರೆಂಬ ಸುದ್ದಿ ಬಂದದ್ದೇ ತಡ, ನಮ್ಮ ಮೆಂಬರುಗಳಿಗೆ ಊಟ ರುಚಿಸದಂತಾಯಿತು. ಸಾರ್ವಜನಿಕರ ಉಪಯೋಗಕ್ಕಾಗಿ ಬಯಲಿನಲ್ಲಿ ಪಾರ್ಕು ಮಾಡತಕ್ಕದ್ದೆಂದು ಒಮ್ಮತದ ನಿರ್ಣಯವಾಯಿತು. ಅದಕ್ಕೆ ಅಡ್ಡಿಯಾಗಿದ್ದವರು ಅಲ್ಲಿ ಕೂತಿದ್ದ ಸಾರ್ವಜನಿಕರು ಮಾತ್ರ. ಅವರ ಗಾಡಿಗಳನ್ನು ಕೆರೆ ಕೋಡಿಯಾಚೆಗೆ ಅಟ್ಟಲಾಯಿತು. ಕ್ರೋಟನ್ ಗಿಡ ಬಂದವು, ನಾಲ್ಕು ಬೆಂಚು ಬಂದವು. ಮೆಂಬರುಗಳೇ ಹನ್ನೆರಡು ಜನ ಇದ್ದುದರಿಂದ ಬೇರೆಯವರು ಎಲ್ಲಿ ಕೂರಬೇಕೆಂಬ ಚರ್ಚೆ ಏಳಲಿಲ್ಲ. ನಿಯಮಗಳ ಬೋರ್ಡು ಬರೆದವನು ನಾನು. ಉಗುಳಬಾರದು, ಮಲಗಬಾರದು, ಬುತ್ತಿ ಬಿಚ್ಚಬಾರದು, ಹೊರೆ ತರಬಾರದು. ನನ್ನ ಅಕ್ಷರ ದುಂಡಗಿದೆ ಎಂದು ಪ್ರೆಸಿಡೆಂಟರು ಮೆಚ್ಚಿಕೊಂಡರು.

ಬೇಲಿಯ ಕೊನೆಯ ತಂತಿ ಬಿಗಿದದ್ದು ಉದ್ಘಾಟನೆಯ ದಿನ. ಹೊರೆಗಲ್ಲು ಬೇಲಿಯ ಒಳಗೇ ಉಳಿದುಹೋಗಿತ್ತು. ಮೈಸೂರಿನಿಂದ ಬಂದ ದೊಡ್ಡ ಸಾಹೇಬರು ನೇರವಾಗಿ ಅದರ ಮುಂದೆ ನಿಂತು, ಇದೇನು ಎಂದು ಕೇಳಿದರು. ಪಾರ್ಕಿನಲ್ಲಿ ಸೌತೆಕಾಯಿ ಮಾರುವ ಹೆಂಗಸರ ಕಲ್ಲಿದೆ ಎಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಪ್ರೆಸಿಡೆಂಟರು ನನ್ನ ಮುಖ ನೋಡಿದರು. ನನ್ನ ಕೆಲಸ ಆಗಿನ್ನೂ ಹಂಗಾಮಿ. ಖಾಯಂ ಮಾಡುವ ಕಾಗದ ಅವರ ಮೇಜಿನ ಮೇಲೆ ರುಜುವಿಗೆ ಕಾದಿತ್ತು.

"ಹೊಯ್ಸಳರ ಕಾಲದ್ದು, ಸಾ," ಅಂದೆ.

ನಮ್ಮ ಸೀಮೆಯಲ್ಲಿ ಇದಕ್ಕಿಂತ ಸಲೀಸಾದ ಸುಳ್ಳಿಲ್ಲ. ಮೊಸಳೆ ಎಂಬ ಸಣ್ಣ ಹಳ್ಳಿಯಲ್ಲೇ ಹೊಯ್ಸಳರ ಜೋಡಿ ಗುಡಿ ಇರುವಾಗ, ಎಮ್ಮೆ ಕಟ್ಟುವ ಕಲ್ಲನ್ನು ತೋರಿಸಿ ಹೊಯ್ಸಳರದ್ದು ಅಂದರೂ ಜನ ಕೈ ಮುಗಿಯುತ್ತಾರೆ. ಸಾಹೇಬರು ಟೋಪಿ ತೆಗೆದರು. ಕೆತ್ತನೆ ಕಾಣುತ್ತಿಲ್ಲವಲ್ಲ ಎಂದರು. ಸವೆದುಹೋಗಿದೆ ಅಂದೆ. ಸವೆದದ್ದೇನೋ ನಿಜ, ಮಂಕರಿಗಳ ತಳ ಉಜ್ಜಿ. ಈ ಕಲ್ಲನ್ನು ಕಾಪಾಡಬೇಕು ಎಂದು ಅಪ್ಪಣೆಯಾಯಿತು. ಸಂಜೆಯೊಳಗೆ ಇನ್ನೊಂದು ಬೋರ್ಡು ಬರೆದೆ: ಹೊಯ್ಸಳರ ಕಾಲದ ಪುರಾತನ ಶಿಲೆ, ಯಾರೂ ಮುಟ್ಟಕೂಡದು.

ಬೆಳಗಿನ ವಾಯುಸೇವನೆ ಒಳ್ಳೆಯದೆಂದು ಸಾಹೇಬರು ಭಾಷಣದಲ್ಲಿ ಹೇಳಿದ್ದರು. ಹಾಗಾಗಿ ಮಾರನೆಯ ಬೆಳಿಗ್ಗೆ ಮೆಂಬರುಗಳೆಲ್ಲ ಬೆಂಚುಗಳ ಮೇಲೆ ಒತ್ತಿಕೊಂಡು ಕೂತು ವಾಯು ಸೇವಿಸುತ್ತಿದ್ದರು. ನಾನು ಬೇಲಿಗೆ ಬೋರ್ಡು ಕಟ್ಟಿಸುತ್ತ ನಿಂತಿದ್ದೆ. ಆಗ ಅವ್ವ ಬಂದಳು. ತಲೆಯ ಮೇಲೆ ಕುಂಬಳಕಾಯಿಯ ಮಂಕರಿ, ಕತ್ತಿನ ನರ ಉಬ್ಬಿದ್ದವು. ಬೇಲಿ ನೋಡಿದಳು, ಬೋರ್ಡು ನೋಡಿದಳು.

"ಏನ್ಲಾ ಬರ್ದಿರದು? ಓದು."

ಓದಿದೆ.

"ನಿಮ್ ತಾತ ಒಯ್ಸಳನೇನ್ಲಾ?" ಅಂದಳು. ಕೋಪವೇನೂ ಇರಲಿಲ್ಲ, ನಗುತ್ತಲೇ ಕೇಳಿದಳು. "ಓಗ್ಲಿ ಬುಡು, ಒಂದ್ ಕೈ ಆಕು. ಇಳ್ಸು. ಕತ್ತು ಬಿದ್ದೋಗ್ತೈತೆ."

ನಾನು ಹಿಂದೆ ತಿರುಗಿ ಬೆಂಚಿನ ಕಡೆ ನೋಡಿದೆ. ಪ್ರೆಸಿಡೆಂಟರು ಇತ್ತಲೇ ನೋಡುತ್ತಿದ್ದರು. ನಾನು ತಿರುಗಿದ್ದು ಎಷ್ಟು ಹೊತ್ತು ಎಂದರೆ ಏನೂ ಇಲ್ಲ, ಆದರೆ ಅವ್ವನಿಗೆ ಅಷ್ಟು ಸಾಕಾಯಿತು.

"ಬ್ಯಾಡ ಬುಡು, ವತ್ತಾಯ್ತು," ಎಂದು ಮಂಕರಿ ಹೊತ್ತುಕೊಂಡೇ ಪೇಟೆಯ ಕಡೆ ನಡೆದಳು. ನನ್ನ ಎರಡು ಕೈಯೂ ಖಾಲಿಯೇ ಇದ್ದವು. ಈಗಲೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಆ ವಾರವೇ ನನ್ನ ಕೆಲಸ ಖಾಯಂ ಆಯಿತು. ಅವ್ವ ಪಾರ್ಕಿನ ದಾರಿ ಬಿಟ್ಟು, ಬಳಸಾದರೂ ಕುಂಬಾರಗೇರಿಯ ಬೀದಿಯಲ್ಲಿ ಬರತೊಡಗಿದಳು. ಪೇಟೆಯಲ್ಲಿ ನಾನು ಬಾಡಿಗೆಗಿದ್ದ ಕೊಠಡಿಗೆ ಮೊದಲಿನಂತೆ ಸೊಪ್ಪು ಕೊಟ್ಟು ಹೋಗುತ್ತಿದ್ದಳು, ಕಲ್ಲಿನ ಮಾತು ಎತ್ತಲಿಲ್ಲ. ತಿಂಗಳಾದ ಮೇಲೆ ಪೇಟೆಯಲ್ಲಿ ನಮ್ಮ ಹಳ್ಳಿಯ ಹೆಂಗಸೊಬ್ಬಳು ಸಿಕ್ಕಿ, "ನಿಮ್ಮವ್ವ ಊರ್ಗೆಲ್ಲ ಏಳ್ಕಂಡ್ ತಿರುಗ್ತಾವ್ಳೆ ಕಣಪ್ಪ. ತಾತನ ಕಲ್ಲ ಯಾರೂ ಕೀಳ್ದಂಗೆ ನನ್ ಮಗ ಬೇಲಿ ಆಕ್ಸವ್ನೆ ಅಂತ," ಅಂದಳು.

ಮೆಂಬರುಗಳ ತಪ್ಪುಗಳನ್ನು ಒಪ್ಪವಾದ ನಿರ್ಣಯಗಳಾಗಿ ಬರೆಯುವುದರಲ್ಲಿ ನನ್ನಷ್ಟು ನುರಿತವರಿಲ್ಲ ಎಂದುಕೊಂಡಿದ್ದೆ. ಅಕ್ಷರ ಬಾರದ ಅವ್ವ ನನ್ನ ತಪ್ಪನ್ನು ನನಗಿಂತ ಚೆನ್ನಾಗಿ ಮುಚ್ಚಿದ್ದಳು.

ಮಾರನೆಯ ಬೆಳಿಗ್ಗೆ ಆಫೀಸಿನ ಕೋಟು ತೊಟ್ಟುಕೊಂಡೇ ಕುಂಬಾರಗೇರಿಯ ಮೂಲೆಯಲ್ಲಿ ಕಾದು ನಿಂತೆ. ಅವ್ವ ಬಂದಳು. ನಾನು ಎದುರಿಗೆ ಹೋಗಿ ಮಂಕರಿಗೆ ಎರಡೂ ಕೈ ಹಾಕಿದೆ. ಅವಳು ಹೊರೆಯ ಅಡಿಯಿಂದಲೇ ಬೀದಿಯ ಈ ಕಡೆ ಆ ಕಡೆ ಕಣ್ಣು ಹಾಯಿಸಿ, ಮೆಲ್ಲಗೆ ಅಂದಳು:

"ಯಾರಾರ ನೋಡಾರು ಕಣಪ್ಪ, ಬೇಗ ಇಳ್ಸು."