ಮೊದಲ ಚೊಂಬು

ಯಮುನಾ ಮೇಡಂ ಅಮೆರಿಕಕ್ಕೆ ಹೋದವರಲ್ಲ, ಹೋಗಬೇಕೆಂದು ಆಸೆಪಟ್ಟವರೂ ಅಲ್ಲ. ಆದರೂ ಇಂದಿರಾನಗರದ ಒಂದು ಪಿಯು ಕಾಲೇಜಿನ ಮೂರನೇ ಮಹಡಿಯಲ್ಲಿ ಸುಮಾರು ಮೂವತ್ತು ವರ್ಷ ಆ ದೇಶವನ್ನು ಕಟ್ಟಿ, ಒಡೆದು, ಮತ್ತೆ ಕಟ್ಟಿದವರು. ಪ್ರತಿ ವರ್ಷವೂ ಬಾಸ್ಟನ್ ಬಂದರಿನಲ್ಲಿ ಟೀ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆಯಿಸುವರು. ಉತ್ತರದವರಿಗೂ ದಕ್ಷಿಣದವರಿಗೂ ಯುದ್ಧ ಹಚ್ಚಿ ಗುಲಾಮರನ್ನು ಬಿಡಿಸುವರು. ಕೊನೆಗೆ ಮಾಂಟ್‌ಗೊಮರಿ ಎಂಬ ಊರಿನ ಬಸ್ಸಿನಲ್ಲಿ ರೋಸಾ ಪಾರ್ಕ್ಸ್ ಎಂಬ ಕಪ್ಪು ಹೆಂಗಸನ್ನು ಬಿಳಿಯರಿಗೆ ಸೀಟು ಬಿಟ್ಟೇಳದಂತೆ ಕೂರಿಸಿ ಪಾಠ ಮುಗಿಸುವರು. ಬಸ್ಸಿನ ಸಂಗತಿ ಪಠ್ಯದಲ್ಲಿ ಇರಲಿಲ್ಲ. ಅದು ಮೇಡಂ ತಾವಾಗಿ ಸೇರಿಸಿಕೊಂಡದ್ದು. ಯಾಕೆಂದರೆ ಅದರ ಬೆನ್ನಿಗೇ ಅವರು ತಮ್ಮ ತಾಯಿಯ ಕಥೆ ಹೇಳಬೇಕಿತ್ತು.

ಪಾಠ ಮಾಡುವುದರಲ್ಲಿ ಅವರದೊಂದು ರೀತಿಯಿತ್ತು. ಬೋರ್ಡಿನ ಈ ತುದಿಯಿಂದ ಆ ತುದಿಗೆ ಒಂದು ಉದ್ದ ಗೆರೆ. ಎಲ್ಲಿ ದೇಶದ ದಾರಿ ತಿರುಗಿತೋ ಅಲ್ಲೊಂದು ಕೆಂಪು ಚುಕ್ಕೆ. ಚುಕ್ಕೆಯ ಕೆಳಗೆ ಒಂದೇ ಒಂದು ಹೆಸರು. "ಒಂದು ತಿರುವಿಗೆ ಒಂದು ಹೆಸರು. ನಾಲ್ಕು ಹೆಸರು ಕೊಟ್ಟರೆ ನಾಲ್ಕೂ ಮರೀತೀರ" ಎನ್ನುವರು. ಮಕ್ಕಳು ಅವರಿಗೆ ಕೆಂಪು ಚುಕ್ಕೆ ಮೇಡಂ ಎಂದು ಹೆಸರಿಟ್ಟಿದ್ದು ಅವರಿಗೂ ಗೊತ್ತಿತ್ತು. ಒಳಗೊಳಗೇ ಅದು ಇಷ್ಟವೂ ಆಗಿತ್ತು.

ಬಸ್ಸಿನ ಚುಕ್ಕೆಯ ಪಕ್ಕದಲ್ಲಿ ಇನ್ನೊಂದು ಚುಕ್ಕೆ ಇಟ್ಟು ಅವರು ಪಿಳ್ಳಮ್ಮ ಎಂದು ಬರೆಯುತ್ತಿದ್ದರು. ಬೈಯಪ್ಪನಹಳ್ಳಿಯಾಚೆಯ ಒಂದು ಹಳ್ಳಿಯಲ್ಲಿ ಕೇರಿಯವರು ಮುಟ್ಟಬಾರದ ಊರಬಾವಿಗೆ ಹಗ್ಗ ಇಳಿಸಿ ಮೊದಲು ನೀರು ಸೇದಿದವಳು, ಆಮೇಲೆ ಬಹಳ ವರ್ಷ ರಸೆಲ್ ಮಾರುಕಟ್ಟೆಯಲ್ಲಿ ಸೊಪ್ಪು ಮಾರಿ ಮಕ್ಕಳನ್ನು ಓದಿಸಿದವಳು. ಅಂಬೇಡ್ಕರ್ ಜಯಂತಿಯ ವೇದಿಕೆಗಳಲ್ಲೂ ಯಮುನಾ ಇದೇ ಕಥೆಯನ್ನು ಇದೇ ಮಾತುಗಳಲ್ಲಿ ಹೇಳಿ ಹೇಳಿ, ಈಗ ಕೇರಿಯ ಮಕ್ಕಳೆಲ್ಲ ಅದನ್ನು ಬಾಯಿಪಾಠ ಒಪ್ಪಿಸುತ್ತಿದ್ದರು.

ಆ ವರ್ಷ ಸೆಪ್ಟೆಂಬರಿನಲ್ಲಿ, ಎರಡು ಚುಕ್ಕೆಗಳನ್ನೂ ಇಟ್ಟು ಕೈಗಂಟಿದ ಸೀಮೆಸುಣ್ಣ ಕೊಡವುವಾಗ, ಎರಡನೇ ಬೆಂಚಿನ ತೂಬಾ ಎದ್ದು ನಿಂತಳು. ಶಿವಾಜಿನಗರದ ಹುಡುಗಿ, ಕೇಳದೆ ಬಿಡುವವಳಲ್ಲ.

"ಮ್ಯಾಮ್, ಇವರಿಗಿಂತ ಮುಂಚೆ ಒಬ್ಳು ಹುಡುಗಿ ಅದೇ ಊರಲ್ಲಿ ಸೀಟು ಬಿಡ್ಲಿಲ್ವಂತೆ. ಕ್ಲಾಡೆಟ್ ಕಾಲ್ವಿನ್ ಅಂತ. ಹದಿನೈದೇ ವರ್ಷ. ಪೊಲೀಸ್ರು ಎಳ್ಕೊಂಡು ಹೋದ್ರಂತೆ. ನೀವು ಅವಳ ಹೆಸರೇ ಹೇಳ್ಲಿಲ್ಲ."

"ಗೊತ್ತಮ್ಮ" ಎಂದರು ಯಮುನಾ. ನಿಜವಾಗಿ ಗೊತ್ತಿತ್ತು. "ಆದ್ರೆ ಹೋರಾಟ ಶುರುವಾಗಿದ್ದು ಪಾರ್ಕ್ಸ್ ಅವರಿಂದ. ಒಂದು ತಿರುವಿಗೆ..."

"ಒಂದು ಹೆಸರು" ಎಂದು ಇಡೀ ತರಗತಿ ಮುಗಿಸಿತು. ಎಲ್ಲರೂ ನಕ್ಕರು. ತೂಬಾ ನಗಲಿಲ್ಲ. "ಅದು ಅವಳಿಗೆ ಅನ್ಯಾಯ ಅಲ್ವಾ ಮ್ಯಾಮ್?" ಎಂದು ಕೇಳಿ ಕೂತಳು. ಬೆಲ್ಲು ಹೊಡೆಯಿತು. ಮೇಡಂ ಪುಣ್ಯಕ್ಕೆ ಬೆಲ್ಲು ಹೊಡೆಯಿತು ಎನ್ನಬೇಕು.

ಆ ಭಾನುವಾರ ಯಮುನಾ ಹಲಸೂರಿನಿಂದ ಮೆಟ್ರೋ ಹತ್ತಿ ತಾಯಿಯ ಮನೆಗೆ ಹೋದರು. ಪಿಳ್ಳಮ್ಮ ಕಿರಿಮಗ ಸುಗತನ ಜೊತೆ ಇದ್ದರು. ಸುಗತ ಮೆಟ್ರೋ ಡಿಪೋದಲ್ಲಿ ಕೆಲಸದವನು. ಕೇರಿಯ ಬೌದ್ಧ ಸಂಘಕ್ಕೆ ಕಾರ್ಯದರ್ಶಿ, ಯಾವ ಕೆಲಸ ಹಿಡಿದರೂ ತಲೆ ಮೇಲೆ ಹೊತ್ತುಕೊಂಡು ಓಡಾಡುವ ಮನುಷ್ಯ. ಈ ಸಲ ಅವನ ತಲೆ ಮೇಲಿದ್ದದ್ದು ಶುದ್ಧ ಕುಡಿಯುವ ನೀರಿನ ಘಟಕ. ವಿಜಯದಶಮಿಗೆ, ಬಾಬಾಸಾಹೇಬರು ಧಮ್ಮದೀಕ್ಷೆ ಪಡೆದ ನೆನಪಿನ ದಿನ, ಅದು ಶುರುವಾಗಬೇಕಿತ್ತು.

ಹಳೆಯ ಊರಬಾವಿ ಈಗಿಲ್ಲ. ಅದರ ಮೇಲೊಂದು ಅಪಾರ್ಟ್‌ಮೆಂಟ್ ಎದ್ದು, ಬಾವಿಯಿದ್ದ ಕಡೆ ಕಾರುಗಳು ನಿಲ್ಲುತ್ತವೆ. ಅದರ ಎದುರಿಗೇ ನೀರಿನ ಘಟಕ ಬರಬೇಕೆಂದು ಹಟ ಹಿಡಿದವನು ಸುಗತ. ಹೆಸರು ಯಾರದೆಂದು ಯಾರೂ ಚರ್ಚೆ ಮಾಡಿರಲಿಲ್ಲ. ಅದೇನು ಕೇಳುವ ಮಾತೇ?

ಯಮುನಾ ಒಳಗೆ ಬಂದಾಗ ಪಿಳ್ಳಮ್ಮ ಹಿತ್ತಲ ನಲ್ಲಿ ತಿರುಗಿಸಿ, ಮೊದಲು ಬಂದ ನೀರನ್ನು ಒಂದು ಚೊಂಬಿಗೆ ಹಿಡಿದು, ನೆಲಕ್ಕೆ ಸುರಿದು, ಆಮೇಲೆ ಬಿಂದಿಗೆ ಇಟ್ಟರು. ಇದು ಅವರ ಹಳೆಯ ಅಭ್ಯಾಸ. ಟ್ಯಾಂಕರ್ ನೀರಿಗೆ ಕೇರಿಯೆಲ್ಲ ಜಗಳಕ್ಕೆ ನಿಂತ ಬೇಸಗೆಯಲ್ಲೂ ಬಿಟ್ಟಿರಲಿಲ್ಲ. "ನಾವು ಬೌದ್ಧರು ಕಣಮ್ಮ, ಭೂಮ್ತಾಯಿಗೆಲ್ಲ ನೀರು ಹುಯ್ಯೋದು ಬಿಡು" ಎಂದು ಯಮುನಾ ಬೈದೂ ಬೈದೂ ಸುಸ್ತಾಗಿದ್ದರು. "ಒಂದು ಚೊಂಬು ಕಣೆ, ನಿಂಗೇನು ನಷ್ಟ?" ಎನ್ನುವುದಷ್ಟೇ ಪಿಳ್ಳಮ್ಮನ ಉತ್ತರ.

ಸುಗತ ಫೋನಿನಲ್ಲಿ ಕಲ್ಲಿನ ಫಲಕದ ಮಾದರಿ ತೋರಿಸಿದ. ತಾಯಿಗೆ ಓದಲು ಬಾರದು. ಅವನೇ ಗಟ್ಟಿಯಾಗಿ ಓದಿದ.

"ಪಿಳ್ಳಮ್ಮ ಶುದ್ಧ ಕುಡಿಯುವ ನೀರಿನ ಘಟಕ. ಊರಬಾವಿಯಿಂದ ಮೊದಲು ನೀರು ಸೇದಿದ ತಾಯಿಯ ಗೌರವಾರ್ಥ."

"ಇನ್ನೊಂದ್ಸಲ ಓದು" ಎಂದರು ಪಿಳ್ಳಮ್ಮ. ಓದಿದ. ಅವರು ಸೆರಗಿನಿಂದ ಕೈ ಒರೆಸಿಕೊಂಡು ಕೂತರು. "ಇದು ಬೇಡ. ನಾನು ಮೊದಲಲ್ಲ."

"ಶುರುವಾಯ್ತು ನೋಡಕ್ಕ" ಎಂದು ಸುಗತ ನಕ್ಕ. "ನಾನೊಬ್ಳೇ ಅಲ್ಲ, ನಾನೊಬ್ಳೇ ಅಲ್ಲ ಅನ್ನೋದು."

"ಎಷ್ಟು ವರ್ಷದಿಂದ ಹೇಳ್ತಿದ್ದೀನಿ, ನೀವು ಅದನ್ನ ದೊಡ್ಡತನ ಅಂದ್ಕೊಂಡ್ರಿ. ಮೊದಲು ಸೇದಿದ್ದು ಅಕ್ಕಯ್ಯಮ್ಮ."

ಅಕ್ಕಯ್ಯಮ್ಮ ಎಂದರೆ ಅಪ್ಪನ ತಂಗಿ. ಯಮುನಾಗೆ ಸೋದರತ್ತೆ. ಮನೆಯಲ್ಲಿ ಆಕೆಯ ಒಂದು ಫೋಟೋ ಕೂಡ ಇರಲಿಲ್ಲ. ಮಾಲೂರಿನ ಕಡೆ ಕೊಟ್ಟಿದ್ದರು, ಬೇಗ ಹೋಗಿಬಿಟ್ಟಳು ಎಂಬುದಕ್ಕಿಂತ ಹೆಚ್ಚೇನೂ ಯಮುನಾಗೆ ಗೊತ್ತಿರಲಿಲ್ಲ. ಜಗತ್ತಿನ ಇತಿಹಾಸವೆಲ್ಲ ಓದಿದವರು ಮನೆಯದನ್ನು ಕೇಳಿರಲಿಲ್ಲ.

"ಬಾವಿ ಹತ್ರ ಬಿಂದಿಗೆ ಇಟ್ಕೊಂಡು ನಿಂತ್ಕೋಬೇಕಿತ್ತು" ಎಂದು ಪಿಳ್ಳಮ್ಮ ಹೇಳತೊಡಗಿದರು. "ಊರೋರು ಯಾರಾದ್ರೂ ಮನಸ್ಸು ಮಾಡಿ ಸೇದಿ ಮೇಲಿಂದ ಹುಯ್ಯೋವರ್ಗೂ. ಆವತ್ತು ಮಧ್ಯಾಹ್ನ ಆದ್ರೂ ಯಾರೂ ಹುಯ್ಲಿಲ್ಲ. ನೀನು ಕೂಸು, ಜ್ವರ ಬಂದು ಮಲಗಿದ್ದೆ, ಬಾಯಿ ಒಣಗಿಹೋಗಿತ್ತು. ಅಕ್ಕಯ್ಯ ನೋಡಿದ್ಲು, ನೋಡಿದ್ಲು, ಎದ್ದು ಹೋಗಿ ಹಗ್ಗ ಹಿಡಿದ್ಲು. ಹದಿನೈದೋ ಹದಿನಾರೋ ಅವಳಿಗೆ. ನಾನು ಬೇಡ ಕಣೇ ಅಂತ ಕೂಗ್ತಾನೇ ಇದ್ದೆ. ಬಿಂದಿಗೆ ತುಂಬಿಸಿ ಸೊಂಟಕ್ಕೂ ಇಟ್ಕೊಂಡ್ಲು. ಆಮೇಲೆ ಊರೋರು ಬಂದ್ರು. ಬಿಂದಿಗೆ ಒಡೆದ್ರು, ಅವಳನ್ನೂ ಹೊಡೆದ್ರು. ಸೇದಿದ ನೀರೆಲ್ಲ ನೆಲಕ್ಕೆ ಹೋಯ್ತು."

ಯಮುನಾ ಹಿತ್ತಲ ಕಡೆ ನೋಡಿದರು. ನಲ್ಲಿಯ ಬುಡದಲ್ಲಿ ನೆಲ ಇನ್ನೂ ಒದ್ದೆಯಿತ್ತು. ಇಷ್ಟು ವರ್ಷ ತಾನು ಮೂಢನಂಬಿಕೆ ಎಂದು ಬೈದದ್ದು ಯಾವುದನ್ನು ಎಂದು ಅವರಿಗೆ ಆಗ ಅರಿವಾಯಿತು.

"ಊರೋರು ಹೊಡೆದಿದ್ದು ಬಿಡು" ಎಂದರು ಪಿಳ್ಳಮ್ಮ. "ನಿಮ್ಮ ತಾತ, ಇವಳಿದ್ರೆ ಕೇರಿಗೇ ಬೆಂಕಿ ಇಡ್ತಾರೆ ಅಂತ ಹೆದರಿ, ಹೆಂಡ್ತಿ ಸತ್ತಿದ್ದ ಒಬ್ಬ ಮುದುಕನಿಗೆ ಕಟ್ಟಿ ಕಳಿಸ್ಬಿಟ್ರು. ಆಮೇಲೆ ಬೇಸಗೆಗೆ ನಮ್ಮ ಕೇರಿ ಸಂಘದೋರು ತಹಸೀಲ್ದಾರ್ರನ್ನ ಕರ್ಕೊಂಡು ಬಂದ್ರು. ಮಗು ಎತ್ಕೊಂಡಿರೋಳ ಮೇಲೆ ಯಾರೂ ಕೈ ಮಾಡಲ್ಲ ಅಂತ ನೀರು ಸೇದೋಕೆ ನನ್ನ ಮುಂದೆ ಬಿಟ್ರು. ನೀನು ಸೊಂಟದ ಮೇಲಿದ್ದೆ. ಪೊಲೀಸ್ರು ಹಿಂದೆ ಇದ್ರು. ಅದ್ರಲ್ಲಿ ನನ್ನ ಧೈರ್ಯ ಏನಿತ್ತು? ಅಕ್ಕಯ್ಯ ಆ ಮಾಲೂರಲ್ಲೇ ಬಾಣಂತಿಯಾಗಿ ತೀರ್ಕೊಂಡ್ಲು. ಅವಳ ಹೆಸರೆತ್ತಿದ್ರೆ ತಾತ ಊಟ ಬಿಟ್ಟು ಏಳ್ತಿದ್ರು."

ಸುಗತನ ಮುಖ ಸಣ್ಣದಾಗಿತ್ತು. "ಅಮ್ಮ, ಎಲ್ಲರಿಗೂ ಹೇಳಾಗಿದೆ."

"ನಾನು ಬರಲ್ಲ ಕಣಪ್ಪ. ಅವಳ ನೀರಿಗೆ ನನ್ನ ಹೆಸರಿಟ್ರೆ ನಾನು ಆ ಕಡೆ ತಲೆ ಹಾಕಲ್ಲ. ನಲ್ಲಿ ತಿರುಗ್ಸೋಕೆ ಬೇರೆ ಯಾರನ್ನಾದ್ರೂ ಕರ್ಕೋ."

ಸಂಜೆ ಸುಗತ ಅಕ್ಕನನ್ನು ಗಾಡಿಯಲ್ಲಿ ಮೆಟ್ರೋ ನಿಲ್ದಾಣದವರೆಗೆ ಬಿಡಲು ಬಂದ. ಅರ್ಧ ದಾರಿಯಲ್ಲಿ ಅವನು ಸಿಡಿದ.

"ಸಂಘ ಕಟ್ಟಿದೋರು ತಾತ. ಅವರ ಫೋಟೋಗೆ ನಾವು ಹೂ ಹಾಕ್ತೀವಿ. ಈಗ ಎಲ್ಲರ ಮುಂದೆ, ಇವರು ಮಗಳನ್ನ ದೂಡಿಬಿಟ್ರು ಅಂತ ಹೇಳೋಕಾಗುತ್ತಾ? ನೀನೇ ಅಲ್ವಾ ಕಥೆ ಹೇಳಿದ್ದು? ಈಗ ನೀನೂ ಬೇಡ ಅನ್ನಬೇಡ."

ಯಮುನಾಗೂ ಒಳಗೆ ಅದೇ ಭಯವಿತ್ತು. ಬೇರೆಯವರ ಮಾತು ಯಾಕೆ, ತನ್ನ ಅರ್ಧ ಆಯಸ್ಸಿನ ಭಾಷಣಗಳು ಆ ಒಂದು ಚುಕ್ಕೆಯ ಮೇಲೆ ನಿಂತಿದ್ದವು. ಸುಮ್ಮನಿದ್ದುಬಿಟ್ಟರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆದರೆ ಜ್ವರದಲ್ಲಿ ಬಾಯಿ ಒಣಗಿ ಮಲಗಿದ್ದ ಕೂಸು ತಾನೇ ಎಂಬುದು ಹಾಗಿರಲು ಬಿಡಲಿಲ್ಲ.

"ಅಮೆರಿಕದಲ್ಲೂ ಹಿಂಗೇ ಆಯ್ತು ಕಣೋ" ಎಂದರು. "ಮೊದಲು ಕೂತ ಹುಡುಗಿ ಚಿಕ್ಕೋಳು, ಬಡವಳು. ಅವಳನ್ನ ಮುಂದಿಟ್ಟರೆ ಜನ ಒಪ್ಪಲ್ಲ ಅಂತ ಅವರ ಹಿರಿಯರೇ ಲೆಕ್ಕ ಹಾಕಿದ್ರು. ಆ ಹಿರಿಯರು ಕೆಟ್ಟೋರಲ್ಲ. ಹೆದರಿದ್ರು, ಗೆಲ್ಲಲೂ ಬೇಕಿತ್ತು. ನಮ್ಮ ತಾತನೂ ಅಷ್ಟೇ. ಆದ್ರೆ ಆ ಹುಡುಗಿ ಆಮೇಲೆ ಕೋರ್ಟಿಗೆ ಬಂದು ಸಾಕ್ಷಿ ಹೇಳಿದ್ಲು. ನಾಲ್ಕು ಹೆಂಗಸರ ಆ ಕೇಸಿನಿಂದಾನೇ ಬಸ್ಸಿನ ಕಾನೂನು ಬಿದ್ದಿದ್ದು."

"ನಮ್ಮೋಳಿಗೆ ಯಾವ ಕೋರ್ಟು?"

"ನಿನ್ನ ಕಲ್ಲೇ ಕೋರ್ಟು."

ಸುಗತ ನಿಲ್ದಾಣದ ಮೆಟ್ಟಿಲ ಹತ್ತಿರ ಗಾಡಿ ತಿರುಗಿಸಿಕೊಂಡು ಹೊರಟುಹೋದ. ಆಮೇಲೆ ಫೋನ್ ಮಾಡಿದರೆ ಎತ್ತಲಿಲ್ಲ. ಸಿಟ್ಟು ಬಂದರೆ ಅವನು ಹಾಗೇ, ಚಿಕ್ಕಂದಿನಿಂದಲೂ.

ಮರುದಿನ ತರಗತಿಯಲ್ಲಿ ಯಮುನಾ ಅದೇ ಗೆರೆ ಎಳೆದರು. ಬಸ್ಸಿನ ಚುಕ್ಕೆಯ ಹಿಂದೆ ಇನ್ನೊಂದು ಚುಕ್ಕೆ ಇಟ್ಟು ಕ್ಲಾಡೆಟ್ ಕಾಲ್ವಿನ್ ಎಂದು ಬರೆದರು. ಪಿಳ್ಳಮ್ಮನ ಚುಕ್ಕೆಯ ಹಿಂದೆಯೂ ಒಂದಿಟ್ಟು ಅಕ್ಕಯ್ಯಮ್ಮ ಎಂದು ಬರೆದು, ಆಕೆಯ ಕಥೆಯನ್ನು ಮೊದಲ ಸಲ ಹೇಳಿದರು. ಹೇಳುವಾಗ ಎರಡು ಕಡೆ ಮಾತು ತಡವರಿಸಿತು. ಬಾಯಿಪಾಠವಾಗದ ಕಥೆ ಹೇಳುವುದು ಅವರಿಗೂ ಹೊಸದು.

"ಮ್ಯಾಮ್, ಇದು ಎಕ್ಸಾಮಿಗೆ ಬರುತ್ತಾ?" ಎಂದ ಹಿಂದಿನ ಬೆಂಚಿನ ಸೂರ್ಯ.

"ಬರಲ್ಲ. ಬರ್ಕೊ" ಎಂದರು.

ವಿಜಯದಶಮಿಯ ಬೆಳಗ್ಗೆ ಕೇರಿಯವರೆಲ್ಲ ಬಿಳಿ ಬಟ್ಟೆ ಉಟ್ಟು ಅಪಾರ್ಟ್‌ಮೆಂಟ್ ಎದುರು ಸೇರಿದ್ದರು. ಹಿಂದಿನ ದಿನ ಸುಗತ ತಾಯಿಗೆ ಹೇಳಿದ್ದು ಒಂದೇ ಮಾತು, "ಬಾರಮ್ಮ, ಬಂದು ನೋಡು." ಪಿಳ್ಳಮ್ಮ ಮಗಳ ಕೈ ಹಿಡಿದು ಬಂದರು, ಆದರೆ ಹೆಸರು ತನ್ನದಾಗಿದ್ದರೆ ಅಲ್ಲಿಂದಲೇ ತಿರುಗಿ ಹೋಗುವುದಾಗಿ ಹೇಳಿಯೇ ಬಂದರು. ಫಲಕದ ಮೇಲೆ ನೀಲಿ ಬಟ್ಟೆ ಮುಚ್ಚಿತ್ತು. ಅದರ ಕೆಳಗೆ ಏನಿದೆ ಎಂಬುದು ಯಮುನಾಗೂ ಗೊತ್ತಿರಲಿಲ್ಲ. ತಮ್ಮನ ಮುಖ ನೋಡಿದರೆ ಅವನು ನೆಲ ನೋಡಿದ.

ಬುದ್ಧನಿಗೆ ವಂದಿಸುವ ತ್ರಿಶರಣ ಪಠಣ ಮುಗಿಯಿತು. ಸುಗತ ಬಟ್ಟೆ ಸರಿಸಿದ.

ಕಲ್ಲಿನ ಮೇಲೆ ದೊಡ್ಡದಾಗಿ ಅಕ್ಕಯ್ಯಮ್ಮ ಎಂದಿತ್ತು. ಅದರ ಕೆಳಗೆ ಒಂದೇ ಸಾಲು: ಈ ಊರಿನ ಬಾವಿಯಿಂದ ಮೊದಲು ನೀರು ಸೇದಿದ ಹುಡುಗಿ.

ಜನರಲ್ಲಿ ಗುಜುಗುಜು ಎದ್ದಿತು. ಇದ್ಯಾರು, ಪಿಳ್ಳಮ್ಮನ ಹೆಸರೆಲ್ಲಿ ಎಂದು ಒಬ್ಬರನ್ನೊಬ್ಬರು ಕೇಳತೊಡಗಿದರು. ಸುಗತ ಮೈಕ್ ತಂದು ಅಕ್ಕನ ಕೈಗಿಟ್ಟ. "ತಾತನ ವಿಷಯ ನನ್ನಿಂದ ಆಗಲ್ಲ. ನೀನೇ ಹೇಳು, ಪೂರ್ತಿ ಹೇಳು" ಎಂದ. ಅವನ ಕಣ್ಣು ಕೆಂಪಾಗಿತ್ತು.

ಯಮುನಾ ಪೂರ್ತಿ ಹೇಳಿದರು. ಹೊಡೆದ ಊರಿನವರನ್ನು ಬಿಡಲಿಲ್ಲ, ಕಳಿಸಿದ ತಾತನನ್ನೂ ಬಿಡಲಿಲ್ಲ, ಸಂಘ ಕಟ್ಟಿದವರೂ ಅದೇ ತಾತ ಎಂಬುದನ್ನೂ ಬಿಡಲಿಲ್ಲ. ಮುಗಿದಾಗ ವಯಸ್ಸಾದ ಹೆಂಗಸರು ಒಬ್ಬೊಬ್ಬರಾಗಿ ಸೆರಗು ಬಾಯಿಗೆ ತಂದುಕೊಂಡರು. ಅವರಲ್ಲಿ ಕೆಲವರಿಗೆ ಆ ಹುಡುಗಿ ಗೊತ್ತಿದ್ದಳು.

ಪಿಳ್ಳಮ್ಮ ಮನೆಯಿಂದ ತಂದ ಹಿತ್ತಾಳೆ ಚೊಂಬು ಹಿಡಿದು ನಲ್ಲಿ ತಿರುಗಿಸಿದರು. ಚೊಂಬು ತುಂಬಿತು. ಅವರ ಅಭ್ಯಾಸ ಕೇರಿಗೆಲ್ಲ ಗೊತ್ತಿದ್ದದ್ದೇ, ಮುಂದೆ ನಿಂತವರು ಕಾಲು ಒದ್ದೆಯಾಗದಿರಲೆಂದು ಹಿಂದೆ ಸರಿದು ಜಾಗ ಬಿಟ್ಟರು.

ಪಿಳ್ಳಮ್ಮ ಸುರಿಯಲಿಲ್ಲ. ಚೊಂಬನ್ನು ಮಗಳ ಬಾಯಿಯ ಹತ್ತಿರ ಹಿಡಿದರು.

"ಕುಡಿಯೇ" ಎಂದರು. "ಆವತ್ತು ನಿನಗೆ ಅಂತಾನೇ ಸೇದಿದ್ಲು."