ಜೋಡಿಯಿಲ್ಲದ ಮರಿ

ಓಣಿಯಲ್ಲಿ ಈಗ ಆಕೆಯನ್ನು ಎಲ್ಲರೂ ಕರೆಯುವುದು ಐಸಜ್ಜಿ ಅಂತಲೇ. ಹೆಸರಿಟ್ಟವಳು ಸ್ವಂತ ಸೊಸೆ. ಆಕೆ ಐಸ್ ಮಾರಿದವಳಲ್ಲ, ತಿಂದವಳೂ ಅಲ್ಲ ಪಾಪ. ಹಲ್ಲು ಜುಮ್ಮೆನ್ನುತ್ತದೆಂದು ಕುಡಿಯುವ ನೀರನ್ನೂ ಬೆಚ್ಚಗೆ ಮಾಡಿಕೊಳ್ಳುವ ಜೀವ.

ಗಂಡ ತೀರಿಕೊಂಡ ಮೇಲೆ ಆಕೆ ದೊಡ್ಡಾಸ್ಪತ್ರೆಯ ಹಿಂದಿನ ಸಂಶೋಧನೆಯ ಕಟ್ಟಡದಲ್ಲಿ ಆಯಾ ಕೆಲಸಕ್ಕೆ ಸೇರಿದಳು. ಮಕ್ಕಳಿಗಲ್ಲ, ಹಂದಿಮರಿಗಳಿಗೆ ಆಯಾ. ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲದ ಕೋಣೆ, ಮೂಗಿಗೆ ಹೊಡೆಯುವ ಫಿನಾಯಿಲು, ಗುಂಯ್ ಅನ್ನುವ ಮೋಟರು. ಹುಟ್ಟುವಾಗ ಉಸಿರುಕಟ್ಟಿದ ಕೂಸುಗಳ ಮಿದುಳು ಉಳಿಸುವುದು ಹೇಗೆಂದು ಡಾಕ್ಟರುಗಳು ಅಲ್ಲಿ ಪರೀಕ್ಷೆ ಮಾಡುತ್ತಿದ್ದರು. ಒಂದೇ ತಾಯಿಯ ಎರಡು ಮರಿ ತಂದು, ಮತ್ತಿನ ಮದ್ದು ಕೊಟ್ಟು, ಎರಡಕ್ಕೂ ಸ್ವಲ್ಪ ಹೊತ್ತು ಗಾಳಿ ಕಡಿಮೆ ಮಾಡುವರು. ಆಮೇಲೆ ಒಂದನ್ನು ತಣ್ಣೀರು ಹರಿಯುವ ಹಾಸಿಗೆಯ ಮೇಲೆ ಮಲಗಿಸಿ ಮೈಯ ಬಿಸಿ ಇಳಿಸುವರು, ಇನ್ನೊಂದನ್ನು ಬೆಚ್ಚಗೇ ಬಿಡುವರು.

ಆಕೆಗೆ ತಡೆಯಲಾಗಲಿಲ್ಲ. "ಎರಡನ್ನೂ ತಣ್ಣಗೇ ಮಲಗಿಸಬಾರದಾ ಸಾರ್? ಆ ಇನ್ನೊಂದು ಏನು ಪಾಪ ಮಾಡಿದೆ?"

"ಜೋಡಿ ಇಲ್ಲದಿದ್ರೆ ಗೊತ್ತಾಗೋದು ಹೇಗಮ್ಮ?" ಅಂದರು ಡಾಕ್ಟರು. "ಇದು ಎದ್ದು ನಿಂತ್ರೆ ತಂಪಿನಿಂದ ನಿಂತಿದ್ದೋ, ತನ್ನ ಪಾಡಿಗೆ ನಿಂತಿದ್ದೋ? ಅದನ್ನ ನೋಡಿದ್ರೇನೇ ಇದರ ಕಥೆ ತಿಳಿಯೋದು."

ಆಕೆ ಎರಡನ್ನೂ ಒರೆಸಿದಳು, ಎರಡಕ್ಕೂ ಬಾಟಲಿಯಲ್ಲಿ ಹಾಲು ಹಿಡಿದಳು. ತಣ್ಣಗಿದ್ದವುಗಳಲ್ಲೂ ಕೆಲವು ಸತ್ತವು, ಇಲ್ಲವೆನ್ನುವುದಿಲ್ಲ. ಆದರೆ ಬಹಳಷ್ಟು ಮರಿಗಳು ತಡವರಿಸುತ್ತ ಎದ್ದು ಆಕೆಯ ಸೆರಗಿಗೆ ಮೂತಿ ತಿವಿಯುತ್ತಿದ್ದವು. ಬೆಚ್ಚಗಿದ್ದವು ಕತ್ತನ್ನು ಒಂದೇ ಕಡೆಗೆ ತಿರುಚಿಕೊಂಡು, ಇಲ್ಲದ ನೀರಿನಲ್ಲಿ ಈಜಿದ ಹಾಗೆ ಕಾಲಾಡಿಸುತ್ತಿದ್ದವು. ಕೊನೆಗೆ ಮಿದುಳು ನೋಡಬೇಕೆಂದು ಎದ್ದು ನಿಂತದ್ದನ್ನೂ ಸೂಜಿ ಚುಚ್ಚಿ ಮತ್ತೆ ಏಳದ ಹಾಗೆ ಮಲಗಿಸಿಬಿಡುವರು. ಆ ಹೊತ್ತಿಗೆ ಆಕೆ ಬಕೆಟ್ ಹಿಡಿದು ಹೊರಗೆ ಹೋಗಿಬಿಡುತ್ತಿದ್ದಳು.

ಮನೆಯಲ್ಲಿ ಮಗನಿಗೆ ಇದೊಂದು ತಮಾಷೆ. "ನಮ್ಮಮ್ಮಂಗೆ ನನಗಿಂತ ಹಂದಿಮರಿ ಮೇಲೇ ಪ್ರೀತಿ ಜಾಸ್ತಿ" ಅನ್ನುವನು. ಸೊಸೆ ಮೂಗು ಮುಚ್ಚಿಕೊಂಡು, "ಅತ್ತೆ, ಮೊದಲು ಸ್ನಾನ, ಆಮೇಲೆ ಅಡುಗೆಮನೆ" ಅನ್ನುವಳು. ಅಷ್ಟರಲ್ಲೇ ದಿನ ಹೋಗುತ್ತಿತ್ತು, ನಗುತ್ತಲೇ.

ಸೊಸೆಗೆ ಹೆರಿಗೆಯಾಯಿತು. ಕರುಳಬಳ್ಳಿ ಕತ್ತಿಗೆ ಸುತ್ತಿಕೊಂಡಿತ್ತು, ಕೂಸು ಅಳಲಿಲ್ಲ. ಹೊಟ್ಟೆ ಕೊಯ್ಸಿಕೊಂಡ ಸೊಸೆಗೆ ಇನ್ನೂ ಎಚ್ಚರವಿಲ್ಲ. ಡಾಕ್ಟರಮ್ಮ ಹೊರಗೆ ಬಂದು, "ಮಗುವಿನ ಮೈ ತಣ್ಣಗೆ ಮಾಡ್ಬೇಕು, ಮೂರು ದಿನ. ಬೇಗ ಹೇಳಿ, ತಡ ಆದ್ರೆ ಪ್ರಯೋಜನ ಇಲ್ಲ" ಅಂದಳು.

ಹೊದಿಕೆ ಎದೆಗವುಚಿಕೊಂಡು ಕೂತಿದ್ದ ಬೀಗಿತ್ತಿ ಸಿಡಿದೆದ್ದಳು. "ಹಸುಗೂಸನ್ನ ಯಾರಾದ್ರೂ ತಣ್ಣಗಿಡ್ತಾರಾ? ತಲೆ ಕೆಟ್ಟಿದೆಯಾ ನಿಮಗೆ?"

ಮಗ ಅಮ್ಮನ ಕೈ ಹಿಡಿದುಕೊಂಡ. ಈಗ ತಮಾಷೆ ಇರಲಿಲ್ಲ. "ಅಮ್ಮ, ನೀನು ಕಣ್ಣಾರೆ ಕಂಡಿದ್ದೀಯ. ಏನ್ ಮಾಡ್ಲಿ?"

"ತಣ್ಣಗೆ ಮಾಡ್ಲಿ ಅನ್ನು. ಬೆಚ್ಚಗಿಟ್ಟದ್ದಕ್ಕಿಂತ ಮೇಲು."

ಮಾರನೆಯ ದಿನ ಗಾಲಿಕುರ್ಚಿಯಲ್ಲಿ ಕೂರಿಸಿ ಸೊಸೆಯನ್ನು ಕರೆತಂದರು. ಅವಳು ಮೊದಲ ಸಲ ಮಗುವಿನ ಪಾದ ಮುಟ್ಟಿದಳು, ಮುಟ್ಟಿದ ಕೈಯನ್ನು ಬೆಂಕಿ ತಾಗಿದವಳ ಹಾಗೆ ಎಳೆದುಕೊಂಡಳು. "ಹೆಣ ಮುಟ್ಟಿದ ಹಾಗಾಯ್ತು" ಅಂದಳು. ಆ ತಣ್ಣನೆಯದು ಅವಳ ಬೆರಳು ಬಿಟ್ಟು ಹೋಗಲೇ ಇಲ್ಲ.

ಮಗು ಉಳಿಯಿತು. ನಕ್ಕಿತು, ಮಾತು ಕಲಿಯಿತು, ತಡವಾಗಿ ನಡೆಯಿತು. ಆದರೆ ಬಲಗೈ ಮುಷ್ಟಿ ಬಿಚ್ಚಲಿಲ್ಲ, ಬಲಗಾಲು ಎಳೆಯಿತು. ಅವತ್ತಿನಿಂದ ಮನೆಯಲ್ಲಿ ಒಂದೇ ಮಾತು.

"ನನ್ನ ಮಗುವನ್ನ ಹಂದಿಮರಿ ಮಾಡಿಬಿಟ್ರಲ್ಲ ಅತ್ತೆ. ತಣ್ಣಗೆ ಮಾಡದೆ ಇದ್ದಿದ್ರೆ ಕೈಕಾಲು ನೆಟ್ಟಗಿರ್ತಿತ್ತು."

"ಇನ್ನೂ ಕೆಟ್ಟದಾಗಿರ್ತಿತ್ತಮ್ಮ."

"ನೋಡಿದೋರು ಯಾರು?"

ನೆಲಮಾಳಿಗೆಯಲ್ಲಾದರೆ ಪಕ್ಕದಲ್ಲೇ ಇನ್ನೊಂದು ಮರಿ ಇರುತ್ತಿತ್ತು, ಬೊಟ್ಟು ಮಾಡಿ ತೋರಿಸಿದರೆ ಸಾಕು. ಇವನಿಗೆ ಜೋಡಿ ಎಲ್ಲಿಂದ ತರುವುದು? ಮೊಮ್ಮಗನಿಗೆ ಎಣ್ಣೆ ಹಚ್ಚುವ ಹಾಗಿಲ್ಲ, ನೀರು ಹಾಕುವ ಹಾಗಿಲ್ಲ, ಪಕ್ಕದಲ್ಲಿ ಮಲಗಿಸಿಕೊಳ್ಳುವ ಹಾಗಿಲ್ಲ. "ಅಜ್ಜಿ ಕೈ ತಣ್ಣಗಿರುತ್ತೆ, ಹೋಗಬೇಡ" ಅಂತ ಕಲಿಸಿದ್ದಳು ಸೊಸೆ. ಮಗನೂ ಕ್ರಮೇಣ ತಟ್ಟೆ ನೋಡಿಕೊಂಡು ಊಟ ಮಾಡುವುದು ಕಲಿತ. ಆಕೆಗೆ ಬೇಕಾಗಿದ್ದದ್ದು ಇಷ್ಟೇ, ಒಂದು ಸಲ, ಒಂದೇ ಸಲ, ಸೊಸೆ ಒಪ್ಪಿಕೊಳ್ಳಬೇಕು. ಹುಡುಗನ ತಲೆಗೆ ತಾನೊಂದು ಚೊಂಬು ನೀರು ಹಾಕಬೇಕು.

ಹುಡುಗನಿಗೆ ಕೈಕಾಲು ಆಡಿಸುವ ಕಸರತ್ತು ಮಾಡಿಸಲು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು. ಆಕೆಯೂ ಜೊತೆಗೆ ಹೋಗುವಳು, ಚೀಲ ಹಿಡಿಯಲಿಕ್ಕೆ. ಹಾಗೆ ಹೋದ ಒಂದು ದಿನ ಅಲ್ಲಿ ಚಾಪೆಯ ಮೇಲೆ ಹೊಸ ಹುಡುಗನೊಬ್ಬನಿದ್ದ, ಇವನದೇ ವಯಸ್ಸು. ಕತ್ತು ಒಂದೇ ಕಡೆಗೆ ತಿರುಚಿತ್ತು. ಇಲ್ಲದ ನೀರಿನಲ್ಲಿ ಈಜಿದ ಹಾಗೆ ಕಾಲಾಡಿಸುತ್ತಿದ್ದ. ಅವನಮ್ಮ ಜೊಲ್ಲು ಒರೆಸುತ್ತಿದ್ದಳು.

ಆಕೆಯ ಕೈಯಿಂದ ಚೀಲ ಜಾರಿತು.

"ಐಸಜ್ಜೀ, ನೀರು ಕೊಡು" ಅಂದ ಮೊಮ್ಮಗ.

ಆ ತಾಯಿ ತಲೆಯೆತ್ತಿ ನಕ್ಕಳು. "ಐಸಜ್ಜೀನಾ? ಇದ್ಯಾವ ಹೆಸರಪ್ಪ?"

"ಇವನು ಹುಟ್ಟಿದಾಗ ಉಸಿರಾಡ್ಲಿಲ್ಲ ರೀ" ಅಂದಳು ಸೊಸೆ. "ನಮ್ಮತ್ತೆ ಮಾತು ಕೇಳಿ ಮೂರು ದಿನ ತಣ್ಣಗೆ ಮಲಗಿಸಿದ್ರು. ಅದಕ್ಕೆ ಆ ಹೆಸರು."

ಆ ತಾಯಿಯ ನಗು ನಿಂತುಹೋಯಿತು. "ನಮ್ಮೋನೂ ಉಸಿರಾಡ್ಲಿಲ್ಲ. ನಾವು ಹೋದ ಆಸ್ಪತ್ರೆಯಲ್ಲಿ ಆ ಮಿಷನ್ ಇರ್ಲಿಲ್ಲ. ಇರೋ ಕಡೆ ಕರ್ಕೊಂಡು ಹೋಗಿ ಅಂದ್ರು. ನಾನೇ, ಬೇಡ, ಬೆಚ್ಚಗೆ ಎದೆ ಮೇಲಿರಲಿ ಅಂದುಬಿಟ್ಟೆ." ನಡೆದು ಬಂದು ನೀರು ಕುಡಿಯುತ್ತಿದ್ದ ಹುಡುಗನನ್ನು ನೋಡಿದಳು, ಚಾಪೆಯನ್ನು ನೋಡಿದಳು. "ಹೋಗಿದ್ರೆ ಇವನೂ ನಡೀತಿದ್ನಾ?"

"ಅಯ್ಯೋ, ಅದರಿಂದ ಏನೂ ಆಗಲ್ಲ ಬಿಡ್ರೀ. ನಮ್ಮೋನ ಕೈ ನೋಡಿ" ಅಂದಳು ಸೊಸೆ.

ಆ ತಾಯಿಗೆ ಅದು ಸಾಲಲಿಲ್ಲ. ಐಸಜ್ಜಿಯ ಕಡೆಗೇ ತಿರುಗಿದಳು. "ನೀವು ಹೇಳಿ ಅಜ್ಜಿ. ನಡೀತಿದ್ನಾ?"

ಇಷ್ಟು ವರ್ಷ ಹುಡುಕಿದ ಜೋಡಿ ಕಾಲಬುಡದಲ್ಲೇ ಮಲಗಿತ್ತು. ಬೊಟ್ಟು ಮಾಡಿದರೆ ಸಾಕಿತ್ತು. ಸೊಸೆಗೆ ಕಣ್ಣಿತ್ತು, ಕಾಣುತ್ತಿತ್ತು. ಆದರೆ ಕಾಯುತ್ತ ಕೂತ ಆ ಹೆಣ್ಣಿನ ಮುಖವೂ ಎದುರಿಗೇ ಇತ್ತು. ಈ ಸಲ ಬಕೆಟ್ ಹಿಡಿದು ಹೊರಗೆ ಹೋಗುವಂತಿರಲಿಲ್ಲ.

"ಇಲ್ಲಮ್ಮ" ಅಂದಳು ಐಸಜ್ಜಿ. "ತಣ್ಣಗೆ ಮಾಡಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ನೀನು ಎದೆ ಮೇಲಿಟ್ಟುಕೊಂಡೆಯಲ್ಲ, ಒಳ್ಳೇದೇ ಮಾಡಿದೆ."

ಆ ತಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು, ಮಗನ ಜೊಲ್ಲನ್ನೂ ಒರೆಸಿದಳು.

ಕಸರತ್ತು ಮುಗಿಸಿಕೊಂಡು ಗೇಟು ದಾಟಿದರು. ಸೊಸೆ, "ಅಂತೂ ನಿಮ್ಮ ಬಾಯಿಂದಲೇ ಬಂತಲ್ಲ ಅತ್ತೆ" ಅಂದಳು. "ತಣ್ಣಗೆ ಮಾಡಿದ್ರೂ ಅಷ್ಟೇ ಅಂತ. ಇವರು ಬರಲಿ, ಇದನ್ನೇ ಹೇಳ್ತೀನಿ."

ಆಕೆ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. ಮೊಮ್ಮಗ ಮುಂದೆ ಮುಂದೆ ಕಾಲೆಳೆಯುತ್ತ ಹೋಗುತ್ತಿದ್ದ, ಕಲ್ಲೊಂದನ್ನು ಒದೆಯುತ್ತ.

"ನೋಡ್ಕೊಂಡು ನಡಿಯೋ" ಅಂದಳು ಐಸಜ್ಜಿ.